ಬೂದಿದಿಬ್ಬದಿಂದ ಹೊರಡುವ ಕಾಲಯಂತ್ರ

ರೂಪನಗುಡಿ ಹೋಬಳಿಯ ಒಂಬತ್ತನೇ ತರಗತಿಯ ಹುಡುಗನೊಬ್ಬ ತಾನು ಬರೆದ ವಿಜ್ಞಾನ ಕಥೆಯನ್ನು ಓದಲು ತಂದುಕೊಟ್ಟಿದ್ದ. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ನಲವತ್ತು ಪುಟ ತುಂಬಿತ್ತು. ಈಜಿಪ್ಟಿನ ಪಿರಮಿಡ್ಡಿನೊಳಗೆ ಒಂದು ಗುಪ್ತ ಕೋಣೆ, ಅದರಲ್ಲಿ ನೀಲಿ ಬೆಳಕು ಸೂಸುವ ಯಂತ್ರ, ಅದರ ಬೆನ್ನುಹತ್ತಿದ ಮೂವರು ಗೆಳೆಯರು. ಕಥೆಗೆ ಓಟವಿತ್ತು. "ಇದು ಈಜಿಪ್ಟಿನಲ್ಲೇ ಯಾಕೆ ನಡೀಬೇಕಪ್ಪಾ?" ಅಂತ ಕೇಳಿದೆ.

"ಮತ್ತೆಲ್ಲಿ ನಡೀಬೇಕ್ರಿ ಸರ್? ನಮ್ಮ ಕಡೆ ಏನೈತ್ರಿ? ಎರೆ ಹೊಲ, ಮೆಣಸಿನಕಾಯಿ, ಬಿಸ್ಲು."

ಮುಂದಿನ ಭಾನುವಾರ ಅವನನ್ನೂ ಪಿಯುಸಿ ಓದುವ ಅವನ ಅಕ್ಕನನ್ನೂ ಬಳ್ಳಾರಿ ಬಳಿಯ ಸಂಗನಕಲ್ಲಿಗೆ ಕರೆದುಕೊಂಡು ಹೋದೆ. ಆಮೇಲೆ ಅವನು ಮೂರು ತಿಂಗಳು ಕೂತು ಆ ಕಥೆಯನ್ನು ಮೊದಲಿನಿಂದ ಬರೆದ. ಆಗ ನಮ್ಮ ಮೂವರ ನಡುವೆ ಆದ ಮಾತುಕತೆಯನ್ನೇ ಇಲ್ಲಿ ಸೂತ್ರಗಳ ರೂಪದಲ್ಲಿ ಕೊಟ್ಟಿದ್ದೇನೆ. ಪ್ರಾಚೀನ ರಹಸ್ಯ, ಸಾಹಸ, ವಿಜ್ಞಾನ ಮೂರನ್ನೂ ಸೇರಿಸಿ ಕಥೆ ಕಟ್ಟಬೇಕೆಂದಿರುವ ಎಲ್ಲ ಹುಡುಗ ಹುಡುಗಿಯರಿಗೆ ಇವು.

1. ರಹಸ್ಯವನ್ನು ಬಸ್ಸು ಹೋಗುವ ದೂರದಲ್ಲಿ ಹುಡುಕಿ

ಜಿಲ್ಲೆಯ ನಕ್ಷೆ ಬಿಚ್ಚಿ ನಿಮ್ಮೂರಿಗೆ ಒಂದು ಚುಕ್ಕೆ ಇಡಿ. ಬಳ್ಳಾರಿಯ ಮಗ್ಗುಲಲ್ಲೇ ಸಂಗನಕಲ್ಲು, ಕಪ್ಪಗಲ್ಲು. ಹೊಸಪೇಟೆ ರಸ್ತೆ ಹಿಡಿದರೆ ಕುಡತಿನಿಯ ಬೂದಿದಿಬ್ಬ. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯ ಗುಡ್ಡಗಳಲ್ಲಿ 1963-64ರಲ್ಲಿ ಎಂ.ಎಸ್. ನಾಗರಾಜರಾವ್ ಮತ್ತು ಕೆ.ಸಿ. ಮಲ್ಹೋತ್ರ ಅಗೆತ ನಡೆಸಿ ನವಶಿಲಾಯುಗದ ದುಂಡನೆಯ ಗುಡಿಸಲುಗಳ ನೆಲ, ಉಜ್ಜಿ ನಯಗೊಳಿಸಿದ ಕಲ್ಲಿನ ಕೊಡಲಿಗಳು, ಬಂಗಾರದ ಸಣ್ಣ ಒಡವೆಗಳನ್ನು ಕಂಡರು. ಅದೇ ತಾಲ್ಲೂಕಿನ ನಿಟ್ಟೂರು ಮತ್ತು ಉಡೇಗೋಳದಲ್ಲಿ ಅಶೋಕನ ಶಾಸನಗಳಿವೆ. ಕುರುಗೋಡಿನಲ್ಲಿ ಸಿಂದರ ಕಾಲದ ಗುಡಿಗಳಿವೆ.

ಇಷ್ಟೂ ಜಾಗಗಳನ್ನು ಒಂದೇ ಕಥೆಗೆ ತುರುಕಬೇಡಿ. ಒಂದನ್ನು ಆರಿಸಿಕೊಂಡು ಅಲ್ಲಿಗೆ ಮೂರು ಸಲ ಹೋಗಿ ಬನ್ನಿ: ಬೆಳಿಗ್ಗೆ ಒಮ್ಮೆ, ಇಳಿಹೊತ್ತಿನಲ್ಲಿ ಒಮ್ಮೆ, ಮಳೆ ಬಂದು ನಿಂತ ಮರುದಿನ ಒಮ್ಮೆ. ಅದೇ ಗುಡ್ಡ ಮೂರು ಬೇರೆ ಬೇರೆ ಜಾಗಗಳಂತೆ ಕಾಣುತ್ತದೆ.

2. ಕಣ್ಣಿಗೆ ಮೊದಲು ಕಿವಿ

ಸಾಹಸ ಕಥೆ ಬರೆಯುವವರು ಸಾಮಾನ್ಯವಾಗಿ ಕಂಡದ್ದನ್ನೇ ಬರೆಯುತ್ತಾರೆ. ಸಂಗನಕಲ್ಲಿನ ಹಿರೇಗುಡ್ಡ ಕೇಳಿಸಿಕೊಳ್ಳಬೇಕಾದ ಜಾಗ.

ಕಣಶಿಲೆಯ ಆ ಗುಡ್ಡದ ನಡುವೆ ಕರಿಗಲ್ಲಿನ ಒಂದು ಪಟ್ಟಿ ಹಾದುಹೋಗಿದೆ. ಭೂವಿಜ್ಞಾನದಲ್ಲಿ ಇದಕ್ಕೆ ಡಾಲರೈಟ್ ಡೈಕ್ ಎನ್ನುತ್ತಾರೆ. ಕೋಟ್ಯಂತರ ವರ್ಷಗಳ ಹಿಂದೆ ಭೂಮಿಯೊಳಗಿನ ಕರಗಿದ ಕಲ್ಲು ಬಿರುಕಿನಲ್ಲಿ ನುಗ್ಗಿ ಅಲ್ಲೇ ಗಟ್ಟಿಯಾದದ್ದು ಅದು. ಈ ಕರಿಬಂಡೆಗಳ ಮೇಲೆ ನವಶಿಲಾಯುಗದ ಜನ ಕುಟ್ಟಿ ಕುಟ್ಟಿ ಚಿತ್ರ ಮೂಡಿಸಿದ್ದಾರೆ. ಉದ್ದ ಕೊಂಬಿನ ಹಿಣಿಲೆತ್ತುಗಳೇ ಹೆಚ್ಚು, ನಡುನಡುವೆ ಮನುಷ್ಯರು. ಕೆಲವು ಬಂಡೆಗಳಲ್ಲಿ ಚಿತ್ರವಿಲ್ಲ, ಬಟ್ಟಲಿನಂತೆಯೂ ಕಾಲುವೆಯಂತೆಯೂ ಸವೆದ ಗುಳಿಗಳಿವೆ. ಆ ಗುಳಿಗಳಿಗೆ ಕಲ್ಲಿನಿಂದ ಬಾರಿಸಿದರೆ ಜಾಗಟೆಯಂಥ ನಾದ ಬರುತ್ತದೆ. ನಿಕೋಲ್ ಬೊವಿನ್ ಎಂಬ ಪುರಾತತ್ವಜ್ಞೆ 2004ರಲ್ಲಿ 'ಆ್ಯಂಟಿಕ್ವಿಟಿ' ಪತ್ರಿಕೆಯಲ್ಲಿ ಈ ಬಗ್ಗೆ ಲೇಖನ ಪ್ರಕಟಿಸಿದಾಗ, ಬಳ್ಳಾರಿಯ ಬಂಡೆಗಳ ಸದ್ದು ಲೋಕದ ಸುದ್ದಿಯಾಯಿತು. ಹಂಪಿಯ ವಿಜಯವಿಠ್ಠಲ ದೇವಸ್ಥಾನದ ಕಂಬಗಳು ನುಡಿಯುವುದಕ್ಕೆ ಸಾವಿರಾರು ವರ್ಷ ಮೊದಲೇ ನಮ್ಮ ಸೀಮೆಯವರು ಕಲ್ಲನ್ನು ನುಡಿಸಿದ್ದರು.

ಹುಡುಗ ಕೆತ್ತನೆಯೂ ಗುಳಿಯೂ ಇಲ್ಲದ ಒಂದು ಬಂಡೆಗೆ ಸಣ್ಣ ಹರಳಿನಿಂದ ಮೆಲ್ಲಗೆ ತಟ್ಟಿದ. 'ಟಕ್' ಅಂದಿತು. ಪಕ್ಕದ್ದಕ್ಕೆ ತಟ್ಟಿದ, 'ಟಕ್'. ಮೂರನೆಯದು 'ಠಣ್' ಅಂತ ಎಳೆದು ನಿಂತಿತು. ಅವನ ಕೈ ಅಲ್ಲೇ ನಿಂತುಹೋಯಿತು. ಅಕ್ಕ ಬಗ್ಗಿ ಆ ಬಂಡೆಯ ಅಡಿ ನೋಡಿದಳು. "ಇದು ನೆಲಕ್ಕ ಅಂಟಿಲ್ಲ ನೋಡೋ, ಎರಡು ಕಲ್ಲಿನ ಮ್ಯಾಲೆ ಕುಂತೈತಿ. ಅದಕ್ಕ ಅದುರಕ್ಕ ಜಾಗ ಐತಿ" ಅಂದಳು. ಭೌತಶಾಸ್ತ್ರದ ಅನುರಣನದ ಪಾಠ ಅವಳಿಗೆ ಹಿರೇಗುಡ್ಡದ ಮೇಲೆ ತೆರೆದುಕೊಂಡಿತು. ಕಥೆಯಲ್ಲಿ ವಿಜ್ಞಾನ ಬರಬೇಕಾದದ್ದು ಹೀಗೆ, ಪಾತ್ರದ ಕೈಯಲ್ಲಿ ಏನೋ ಆಗಿ, ಇನ್ನೊಂದು ಪಾತ್ರಕ್ಕೆ ಕಾರಣ ಹೊಳೆದು.

ಹಳೆಯ ಗುಳಿಗಳನ್ನು ಬಾರಿಸಲು ಹೋಗಬೇಡಿ. ಆ ಸವೆತ ಅವರ ಕೈಗುರುತು. ಅದರ ಮೇಲೆ ನಮ್ಮದು ಬೀಳಬಾರದು.

3. ಸರಿಯುತ್ತರಕ್ಕಿಂತ ಮೊದಲು ತಪ್ಪುತ್ತರಗಳನ್ನು ಪೇರಿಸಿ

ಇದು ನನಗೆ ಎಲ್ಲಕ್ಕಿಂತ ಪ್ರಿಯವಾದ ಸೂತ್ರ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಕಥೆಯ ಕಟ್ಟು ಕಲಿಯಬೇಕಾದರೆ ಬೂದಿದಿಬ್ಬದ ಚರಿತ್ರೆ ಓದಿದರೆ ಸಾಕು.

ಎರೆಭೂಮಿಯ ನಡುವೆ ಬೂದಿಯ ದಿಬ್ಬಗಳು. ಕೆಲವು ಆಳೆತ್ತರ, ಕೆಲವು ಮನೆಯೆತ್ತರ. ಮೇಲೆ ಕೆರೆದರೆ ಮೆತ್ತಗಿನ ಬಿಳಿಬೂದಿ, ಇನ್ನೊಂದೆಡೆ ಗಾಜಿನಂತೆ ಕರಗಿ, ಗುಳ್ಳೆಗುಳ್ಳೆಯಾಗಿ ಹೆಪ್ಪುಗಟ್ಟಿದ ಕಿಟ್ಟ. ಇಂಥವು ಕರ್ನಾಟಕ, ಆಂಧ್ರ, ತೆಲಂಗಾಣಗಳಲ್ಲಿ ನೂರಕ್ಕೂ ಹೆಚ್ಚಿವೆ. ಯಾರು ಸುಟ್ಟರು? ಏನನ್ನು ಸುಟ್ಟರು? ಕಲ್ಲು ಕರಗುವ ಹಾಗೆ ಯಾಕೆ ಸುಟ್ಟರು?

ಜನರ ಉತ್ತರ ಮೊದಲಿನದು. ಹಂಪಿಯ ಬಳಿಯ ನಿಂಬಾಪುರದ ದಿಬ್ಬವನ್ನು ವಾಲಿಯ ಚಿತೆ ಎನ್ನುತ್ತಾರೆ. ಕಪ್ಪಗಲ್ಲಿನ ಬೂದಿ ಭೀಮ ಕೊಂದ ಹಿಡಿಂಬಾಸುರನದು ಎಂಬ ಮಾತನ್ನು ಟಿ.ಜೆ. ನ್ಯೂಬೋಲ್ಡ್ ಎಂಬ ಕಂಪನಿ ಸೈನ್ಯದ ಅಧಿಕಾರಿ ಹತ್ತೊಂಬತ್ತನೇ ಶತಮಾನದ ಮೊದಲರ್ಧದಲ್ಲಿ ಬರೆದುಕೊಂಡಿದ್ದಾನೆ. ಆಮೇಲೆ ಓದಿದವರ ಊಹೆಗಳು ಶುರುವಾದವು. ಒಬ್ಬರು ಜ್ವಾಲಾಮುಖಿ ಅಂದರು, ಒಬ್ಬರು ಸುಣ್ಣದ ಭಟ್ಟಿ ಅಂದರು, ಸಾಮೂಹಿಕ ಚಿತೆ ಅಂದವರುಂಟು, ಲೋಹ ಕರಗಿಸಿದ ಕಿಟ್ಟ ಅಂದವರೂ ಉಂಟು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ ಮಾತ್ರ ಬಳ್ಳಾರಿ ಜಿಲ್ಲೆಯನ್ನು ಅಡ್ಡಾಡಿ ನೋಡಿ, ಇದು ದನದ ಸಗಣಿಯ ಬೂದಿ ಎಂದ. ಸಗಣಿಯೇ ಕಲ್ಲಿನ ಹಾಗೆ ಕರಗುತ್ತದೆಯೇ ಎಂದು ಬಹಳ ಜನ ನಂಬಲಿಲ್ಲ. 1957ರಲ್ಲಿ ಪುರಾತತ್ವಜ್ಞ ರೇಮಂಡ್ ಆಲ್ಚಿನ್ ತೆಲಂಗಾಣದ ಉತ್ನೂರಿನ ದಿಬ್ಬವನ್ನು ಪದರ ಪದರವಾಗಿ ಬಿಡಿಸಿದಾಗ ಬೂದಿಯ ನಡುವೆ ದನದ ಗೊರಸಿನ ಗುರುತುಗಳೇ ಸಿಕ್ಕವು. ಲಂಡನ್ನಿನ ಎಫ್.ಇ. ಝ್ಯೂನರ್ ಬಳ್ಳಾರಿ ಸೀಮೆಯ ಕಿಟ್ಟವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ಹೌದು ಇದು ಸಗಣಿಯೇ ಎಂದು ತೋರಿಸಿದರು.

ಐದು ಸಾವಿರ ವರ್ಷಗಳಷ್ಟು ಹಿಂದಿನ ದನಗಾಹಿಗಳು. ದನ ಕೂಡಿಹಾಕುವ ದೊಡ್ಡಿ, ಅಲ್ಲಿ ವರ್ಷಗಟ್ಟಲೆ ಬಿದ್ದ ಸಗಣಿ, ಆಗಾಗ ಅದಕ್ಕೆ ಇಟ್ಟ ಬೆಂಕಿ. ಯಾವ ದಿನ, ಯಾವ ಹಬ್ಬಕ್ಕೆ, ಯಾವ ಹರಕೆಗೆ? ಸಂಕ್ರಾಂತಿಗೆ ಹಳೇ ಮೈಸೂರು ಕಡೆ ದನಗಳನ್ನು ಕಿಚ್ಚು ಹಾಯಿಸುತ್ತಾರಲ್ಲ, ಅಂಥ ಹಬ್ಬಗಳಿಗೂ ಈ ಬೂದಿಗೂ ನಂಟಿರಬಹುದೆಂದು ಆಲ್ಚಿನ್ ಯೋಚಿಸಿದ್ದರು. ಒಂದು ಪ್ರಶ್ನೆ ಮುಗಿದ ಕಡೆ ಇನ್ನೊಂದು ದೊಡ್ಡ ಪ್ರಶ್ನೆ ಬಾಯಿ ತೆರೆಯಿತು.

ಈ ಏಣಿಯನ್ನೇ ನಿಮ್ಮ ಕಥೆಯಲ್ಲಿ ಇಡಿ: ನಂಬಿಕೆ, ಅವಸರದ ಊಹೆ, ಯಾರೂ ಒಪ್ಪದ ಸರಿಯಾದ ಊಹೆ, ಕೈಗೆ ಸಿಕ್ಕ ಗುರುತು, ಪ್ರಯೋಗಾಲಯದ ಸಾಕ್ಷಿ, ಮತ್ತೆ ಹೊಸ ಪ್ರಶ್ನೆ. ನಿಮ್ಮ ನಾಯಕಿ ಎರಡು ಸಲವಾದರೂ ತಪ್ಪಬೇಕು. ಮೊದಲ ಅಧ್ಯಾಯದಲ್ಲೇ ಸರಿಯುತ್ತರ ಹೊಳೆಯುವ ಜಾಣೆಯ ಹಿಂದೆ ಓದುಗರು ಓಡುವುದಿಲ್ಲ.

4. ಸುಳ್ಳು ಒಂದೇ ಇರಲಿ

ವಿಜ್ಞಾನ ಕಥೆಗೆ ಒಂದು ಅಸಾಧ್ಯ ಸಂಗತಿಯ ರಿಯಾಯಿತಿ ಉಂಟು. ಬಂಡೆಯ ನಾದ ಕಾಲವನ್ನು ದಾಟುತ್ತದೆ ಅನ್ನಿ, ಆಯಿತು. ಆಮೇಲೆ ಅದೇ ಕಥೆಯಲ್ಲಿ ಮಾತಾಡುವ ರೋಬೊ, ಹಾರುವ ಬೈಕು, ಅದೃಶ್ಯವಾಗುವ ಅಂಗಿ ಬೇಡ. ಒಂದು ಸುಳ್ಳನ್ನು ನಂಬಿಸಬೇಕಾದರೆ ಅದರ ಸುತ್ತಲಿನ ನೂರು ಸಂಗತಿ ನಿಜವಾಗಿರಬೇಕು. ಬಸ್ಸಿನ ಹೊತ್ತು, ಗುಡ್ಡದ ದಿಕ್ಕು, ಬಿಸಿಲಿಗೆ ಕಾದ ಕರಿಗಲ್ಲು ಚಪ್ಪಲಿಯೊಳಗೂ ಸುಡುವುದು, ಇವೆಲ್ಲ ನಿಜವಿರಲಿ.

5. ಕೆಲಸ ಗೊತ್ತಿಲ್ಲದ ಯಂತ್ರವನ್ನು ಕಥೆಗೆ ತರಬೇಡಿ

'ಸೂಪರ್ ಸ್ಕ್ಯಾನರ್ ಗುಂಡಿ ಒತ್ತಿದ, ಕಲ್ಲಿನ ವಯಸ್ಸು ಪರದೆಯ ಮೇಲೆ ಮೂಡಿತು' ಎಂದು ಹುಡುಗ ಬರೆದಿದ್ದ. ನಿಜವಾದ ವಿಧಾನ ಅದಕ್ಕಿಂತ ಸೋಜಿಗದ್ದು.

ಮರ, ಬೀಜ, ಮೂಳೆ, ಯಾವುದೇ ಜೀವಿ ಉಸಿರಾಡುವಷ್ಟು ದಿನ ವಾತಾವರಣದ ಇಂಗಾಲ-14ನ್ನು ಒಳಗೆ ಸೇರಿಸಿಕೊಳ್ಳುತ್ತಲೇ ಇರುತ್ತದೆ. ಸತ್ತ ಕ್ಷಣದಿಂದ ಆ ಲೆಕ್ಕ ಇಳಿಮುಖ. ಸುಮಾರು 5,730 ವರ್ಷಕ್ಕೆ ಅರ್ಧ ಉಳಿಯುತ್ತದೆ, ಇನ್ನಷ್ಟೇ ವರ್ಷಕ್ಕೆ ಆ ಅರ್ಧದಲ್ಲಿ ಅರ್ಧ. ಸುಟ್ಟ ಒಂದು ಹುರುಳಿಕಾಳು ಸಾಕು, ಆ ಒಲೆ ಯಾವಾಗ ಉರಿಯಿತು ಎಂದು ಹೇಳಬಹುದು. ಈ ವಿಧಾನ ರೂಪಿಸಿದ ವಿಲಾರ್ಡ್ ಲಿಬ್ಬಿಗೆ 1960ರಲ್ಲಿ ನೊಬೆಲ್ ಬಂತು. ಕಲ್ಲಿಗೆ ಇದು ನಡೆಯುವುದಿಲ್ಲ, ಕಲ್ಲು ಉಸಿರಾಡಿದ್ದಲ್ಲ. ಅದಕ್ಕೇ ಕಲ್ಲಿನ ಕೊಡಲಿಯ ಕಾಲ ತಿಳಿಯಲು ಅದರ ಪಕ್ಕದ ಇದ್ದಿಲು ಹುಡುಕುತ್ತಾರೆ.

ಮರಳಿನ ಕಣದ ಕಥೆ ಇನ್ನೂ ಚೆಂದ. ಮಣ್ಣಿನಡಿ ಕತ್ತಲಲ್ಲಿ ಹೂತ ಕಣ ಸುತ್ತಲಿನ ಸಹಜ ವಿಕಿರಣದ ಶಕ್ತಿಯನ್ನು ಸ್ವಲ್ಪ ಸ್ವಲ್ಪವೇ ಕೂಡಿಟ್ಟುಕೊಳ್ಳುತ್ತದೆ. ಬೆಳಕು ಬಿದ್ದೊಡನೆ ಅಷ್ಟನ್ನೂ ಮಿಣುಕಾಗಿ ಹೊರಹಾಕುತ್ತದೆ. ಆ ಮಿಣುಕನ್ನು ಅಳೆದರೆ, ಈ ಕಣ ಕೊನೆಯ ಸಲ ಸೂರ್ಯನನ್ನು ನೋಡಿದ್ದು ಯಾವಾಗ ಎಂದು ತಿಳಿಯುತ್ತದೆ. ಹಾಗಾಗಿ ಮಾದರಿಯನ್ನು ಕತ್ತಲಲ್ಲೇ ತೆಗೆದು ಕತ್ತಲಲ್ಲೇ ಸಾಗಿಸಬೇಕು. ನಿಮ್ಮ ಕಥೆಯಲ್ಲಿ ಯಾರೋ ಆ ಕೊಳವೆಯ ಮುಚ್ಚಳ ತೆರೆದರೆ? ಎಪ್ಪತ್ತು ಸಾವಿರ ವರ್ಷದ ನೆನಪು ಒಂದು ಗಳಿಗೆಯಲ್ಲಿ ಅಳಿಸಿಹೋಗುತ್ತದೆ. ಇದಕ್ಕಿಂತ ಒಳ್ಳೆಯ ಆತಂಕದ ಅಧ್ಯಾಯ ಬೇಕೆ?

ಎಪ್ಪತ್ತು ಸಾವಿರ ಎಂಬ ಅಂಕಿಗೂ ಕಾರಣವಿದೆ. ನಮ್ಮ ಗಡಿಯಾಚೆ ಕರ್ನೂಲು ಸೀಮೆಯ ಜ್ವಾಲಾಪುರಂ ಎಂಬಲ್ಲಿ ಇಂಡೊನೇಷ್ಯಾದ ಟೋಬಾ ಜ್ವಾಲಾಮುಖಿಯ ಬೂದಿ ದಪ್ಪನೆಯ ಪದರವಾಗಿ ಬಿದ್ದಿದೆ, ಸುಮಾರು 74,000 ವರ್ಷಗಳ ಹಿಂದಿನದು. ಆ ಪದರದ ಕೆಳಗೂ ಮೇಲೂ ಮನುಷ್ಯರು ಮಾಡಿದ ಕಲ್ಲಿನ ಉಪಕರಣ ಸಿಕ್ಕಿವೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದ ರವಿ ಕೋರಿಶೆಟ್ಟರ್ ಈ ಶೋಧದಲ್ಲೂ ಇದ್ದರು, ಸಂಗನಕಲ್ಲಿನ ಶೋಧದಲ್ಲೂ ಇದ್ದರು.

6. ಅಡುಗೆಮನೆಯನ್ನು ಮರೆಯಬೇಡಿ

ಕಾಲಯಾನದ ಕಥೆಗಳು ಆಯುಧಕ್ಕೆ, ಕೋಟೆಗೆ ಹೋಗುತ್ತವೆ. ಒಲೆಯ ಕಡೆ ಹೋಗುವವರು ಕಡಿಮೆ.

ಸಂಗನಕಲ್ಲಿನಲ್ಲಿ ಪುರಾತತ್ವಜ್ಞ ಡೋರಿಯನ್ ಫುಲ್ಲರ್ ಮತ್ತು ಸಂಗಡಿಗರು ಮಾಡಿದ್ದು ನಮ್ಮ ಅವ್ವಂದಿರು ದಿನಾ ಮಾಡುವ ಕೆಲಸವನ್ನೇ. ಕಾಳನ್ನು ನೀರಿಗೆ ಹಾಕಿ ಜೊಳ್ಳು ತೇಲಿಸುತ್ತಾರಲ್ಲ, ಹಾಗೆ ಅಗೆದ ಮಣ್ಣನ್ನು ನೀರಿಗೆ ಹಾಕಿ ಕಲಕಿದರು. ಮಣ್ಣು ತಳ ಸೇರಿತು, ಸಾವಿರಾರು ವರ್ಷ ಹಿಂದೆ ಸುಟ್ಟು ಕರಿಕಾಗಿದ್ದ ಬೀಜಗಳು ತೇಲಿದವು. ಸೋಸಿ, ಒಣಗಿಸಿ, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹುರುಳಿ, ಹೆಸರು, ಕೊರಲೆ. ದಕ್ಷಿಣ ಭಾರತದ ಜನ ತಾವೇ ಕಾಡಿನಿಂದ ಹೊಲಕ್ಕೆ ತಂದ ಬೆಳೆಗಳು ಇವು ಎಂಬ ವಾದಕ್ಕೆ ಇಂಥ ಕರಿಕುಬೀಜಗಳೇ ಆಧಾರವಾದವು.

ಇದನ್ನು ಕೇಳಿದ ರಾತ್ರಿ ಹುಡುಗ ಮನೆಯಲ್ಲಿ ಹುರುಳಿಕಟ್ಟಿನ ಸಾರು ಉಣ್ಣುವಾಗ ಅವರಜ್ಜಿಯನ್ನು ಕೇಳಿದನಂತೆ: "ಅಜ್ಜಿ, ಈ ಸಾರಾಗ ಮೆಣಸಿನಕಾಯಿ ಇಲ್ದಿದ್ರ ಹೆಂಗಿರ್ತಿತ್ತು?" ಯಾಕೆಂದರೆ ನಾನು ಅವನಿಗೆ ಹೇಳಿದ್ದೆ, ನಿನ್ನ ನಾಯಕಿ ನಾಲ್ಕು ಸಾವಿರ ವರ್ಷ ಹಿಂದಕ್ಕೆ ಹೋದರೆ ಅಲ್ಲಿ ಮೆಣಸಿನಕಾಯಿ ಇರಕೂಡದು. ಬಳ್ಳಾರಿ ಸೀಮೆಯ ಹೆಸರಿಗೇ ಅಂಟಿಕೊಂಡ ಆ ಬೆಳೆ ಅಮೆರಿಕ ಖಂಡದಿಂದ ಪೋರ್ಚುಗೀಸರ ಕಾಲದಲ್ಲಿ ಬಂದದ್ದು. ಶೇಂಗಾ, ಟೊಮೇಟೊ, ಮುಸುಕಿನ ಜೋಳಕ್ಕೂ ಅಮೆರಿಕವೇ ತವರು. ನಮ್ಮ ರೊಟ್ಟಿಯ ಜೋಳ, ರಾಗಿ ಆಫ್ರಿಕಾದಿಂದ ಬಂದವು. ಇದೆಲ್ಲ ತೆಗೆದ ಮೇಲೆ ಊಟದಲ್ಲಿ ಏನು ಉಳಿಯಿತು? ಕೊರಲೆ ಅನ್ನ, ಹುರುಳಿ, ಹಾಲು, ಮಾಂಸ. ಹಸಿದ ಹುಡುಗಿಯ ಮುಂದೆ ಆ ಮಡಕೆ ಇಡಿ. ಅವಳು ಮೊದಲ ತುತ್ತಿಗೇ ಅಳುವಂತೆ ಅದು ಅಜ್ಜಿಯ ಸಾರಿನ ಹಾಗೇ ಇರಲಿ, ಖಾರವೊಂದು ಬಿಟ್ಟು.

7. ಕೀರ್ತಿಯನ್ನು ಅನ್ಯಗ್ರಹದವರಿಗೆ ದಾಟಿಸಬೇಡಿ

ಹಿರೇಗುಡ್ಡದ ಕೆಲವು ಚಿತ್ರಗಳು ಮನುಷ್ಯ ನಿಲ್ಲಲಾಗದ ಕಡೆ ಇವೆ. ಬರೆದವರು ಮೇಲಿನ ಬಂಡೆಯಿಂದ ಜೋತುಬಿದ್ದೇ ಕುಟ್ಟಿರಬೇಕು. ಹುಡುಗ ಅದನ್ನು ನೋಡಿದವನೇ "ಹಾರೋ ತಟ್ಟೆ ಮ್ಯಾಲೆ ನಿಂತು ಬರ್ದಿರ್ತಾರ್ರಿ ಸರ್" ಅಂದ. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ.

ಅದೇ ಗುಡ್ಡದಲ್ಲಿ ಸುಮಾರು ಮೂರೂವರೆ ಸಾವಿರ ವರ್ಷಗಳ ಹಿಂದೆ ಕೊಡಲಿ ಮಾಡುವ ದೊಡ್ಡ ಕಾರ್ಯಾಗಾರ ನಡೆದಿತ್ತು. ಕರಿಗಲ್ಲನ್ನು ಒಡೆದು, ಚಕ್ಕೆ ಎಬ್ಬಿಸಿ, ಆಕಾರ ಕೊಟ್ಟು, ಬಂಡೆಗೆ ನೀರು ಹಾಕಿ ಉಜ್ಜಿ ಉಜ್ಜಿ ಅಂಚು ತೆಗೆಯುತ್ತಿದ್ದರು. ಉಜ್ಜಿದ ತೋಡುಗಳು ಇಂದಿಗೂ ಬಂಡೆಯಲ್ಲಿವೆ, ಬೆರಳಿಟ್ಟರೆ ನುಣ್ಣಗೆ ಜಾರುತ್ತದೆ. ಆ ನುಣುಪಿಗೆ ಎಷ್ಟು ಜನರ ಎಷ್ಟು ದಿನಗಳ ತೋಳು ಸೇರಿದೆ. ಅವರ ಕೆಲಸವನ್ನು ಕಸಿದು ಬೇರೆ ಗ್ರಹದವರಿಗೆ ಕೊಡುವುದು ಅನ್ಯಾಯ. ಹುಡುಗಿಯೊಬ್ಬಳು ಅಣ್ಣ ಹಿಡಿದ ಹಗ್ಗದಲ್ಲಿ ಜೋತುಬಿದ್ದು, ಕೆಳಗೆ ನೋಡದೆ ಹೋರಿಯ ಕೊಂಬನ್ನು ಕುಟ್ಟುತ್ತಿದ್ದಾಳೆ. ಇಷ್ಟು ಬರೆದರೆ ತಟ್ಟೆ ಬೇಕಾಗುವುದಿಲ್ಲ.

8. ಲಿಪಿ ಬೇಕೆ? ಚಪಡನನ್ನು ಕರೆಯಿರಿ

ಗುಪ್ತಲಿಪಿ ಇಲ್ಲದ ಸಾಹಸ ಕಥೆ ಉಪ್ಪಿಲ್ಲದ ಊಟ. ಆದರೆ ಲಿಪಿಯನ್ನು ಮನಸ್ಸಿಗೆ ಬಂದಂತೆ ಗೀಚಬೇಡಿ, ಇರುವುದೇ ಸಾಕಷ್ಟು ಗುಟ್ಟು ತುಂಬಿಕೊಂಡಿದೆ. ಬ್ರಾಹ್ಮಿ ಲಿಪಿಯನ್ನು ಓದುವ ಕೀಲಿ ಜೇಮ್ಸ್ ಪ್ರಿನ್ಸೆಪ್‌ಗೆ ಸಿಕ್ಕಿದ್ದು 1837ರಲ್ಲಿ. ಆ ಲಿಪಿಯ ಶಾಸನಗಳಲ್ಲಿ ತನ್ನನ್ನು 'ದೇವಾನಾಂಪ್ರಿಯ' ಎಂದು ಕರೆದುಕೊಂಡ ರಾಜ ಅಶೋಕನೇ ಎಂಬುದಕ್ಕೆ ಕಲ್ಲಿನ ಸಾಕ್ಷಿ ಒದಗಿದ್ದು 1915ರಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ, ಚಿನ್ನದ ಅದಿರು ಹುಡುಕುತ್ತಿದ್ದ ಎಂಜಿನಿಯರ್ ಒಬ್ಬನ ಕಣ್ಣಿಗೆ ಬಿದ್ದ ಬಂಡೆಯಿಂದ. 1970ರ ದಶಕದಲ್ಲಿ ನಮ್ಮ ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು, ಉಡೇಗೋಳದ ಶಾಸನಗಳು ಬೆಳಕಿಗೆ ಬಂದಾಗ ಅಲ್ಲೂ ಅಶೋಕನ ಹೆಸರಿತ್ತು.

ನನ್ನನ್ನು ಬಿಡದೆ ಕಾಡುವವನು ಚಪಡ. ಬಳ್ಳಾರಿಗೆ ಒತ್ತಿಕೊಂಡಿರುವ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕನ ಶಾಸನವನ್ನು ಶಾಸನತಜ್ಞ ಬಿ.ಎಲ್. ರೈಸ್ 1892ರಲ್ಲಿ ಪತ್ತೆಹಚ್ಚಿದರು. ಅದನ್ನು ಬರೆದವನು ಕೊನೆಯಲ್ಲಿ 'ಚಪಡ' ಎಂದು ತನ್ನ ಹೆಸರು ಹಾಕಿ, 'ಲಿಪಿಕಾರ' ಎಂಬುದನ್ನು ಮಾತ್ರ ಖರೋಷ್ಠಿಯಲ್ಲಿ ಬರೆದ. ಖರೋಷ್ಠಿ ಬಲದಿಂದ ಎಡಕ್ಕೆ ಓಡುವ ಲಿಪಿ, ಗಾಂಧಾರದ ಕಡೆಯದು. ಎರಡು ಸಾವಿರ ಕಿಲೋಮೀಟರಿಗೂ ದೂರದ ಲಿಪಿ ಮೊಳಕಾಲ್ಮೂರಿನ ಬಂಡೆಯ ಮೇಲೆ ಯಾಕೆ ಬಂತು? ಊರಿನ ನೆನಪೇ? ಮುಂದೆ ಯಾರಾದರೂ ತನ್ನ ಕಡೆಯವರು ಬಂದು ಓದಲಿ ಎಂಬ ಆಸೆಯೇ? ಇಡೀ ಕಾದಂಬರಿ ಆ ಒಂದು ಪದದಲ್ಲಿದೆ.

ಶಾಸನ ಹುಡುಕುವವರಿಗೆ ಒಂದು ಕಿವಿಮಾತು. 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಮದ್ರಾಸ್ ಪ್ರಾಂತ್ಯದ್ದು. ಆದ್ದರಿಂದ ಕುರುಗೋಡಿನಂಥ ಊರುಗಳ ಹಳೆಯ ಶಾಸನಪಾಠ ಬೇಕಿದ್ದರೆ 'ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಶನ್ಸ್' ಮಾಲೆಯ ಒಂಬತ್ತನೇ ಸಂಪುಟ ತೆಗೆಯಿರಿ. ಮದ್ರಾಸ್ ಪ್ರಾಂತ್ಯದ ಕನ್ನಡ ಶಾಸನಗಳು ಅಲ್ಲಿವೆ.

9. ಖಳನನ್ನು ಬಾಹ್ಯಾಕಾಶದಿಂದ ಕರೆಸಬೇಡಿ

ಊರ ಹೊರಗಿನ ಹಾಳುಗುಡಿಯಲ್ಲಿ ಅಮಾವಾಸ್ಯೆಯ ರಾತ್ರಿ ನಿಂಬೆಹಣ್ಣು, ಕುಂಕುಮ, ಆಳವಾದ ಗುಂಡಿ ಕಂಡವರು ನಮ್ಮ ಸೀಮೆಯಲ್ಲಿ ಬಹಳ ಜನ. ನಿಧಿಗಳ್ಳರು ಲಿಂಗ ಕಿತ್ತಿದ್ದಾರೆ, ವೀರಗಲ್ಲು ಒಡೆದಿದ್ದಾರೆ, ನಂದಿಯ ಹೊಟ್ಟೆ ಸೀಳಿದ್ದಾರೆ. ಬಂಗಾರ ಸಿಗಲಿಲ್ಲ, ಸಿಗಬಹುದಾಗಿದ್ದ ಚರಿತ್ರೆಯೂ ಹೋಯಿತು. ಇನ್ನೊಂದು ಕಡೆ ಕಲ್ಲಿನ ಕ್ವಾರಿ. ಸಂಗನಕಲ್ಲು–ಕಪ್ಪಗಲ್ಲಿನ ಚಿತ್ರಬಂಡೆಗಳಿಗೆ ದೊಡ್ಡ ಅಪಾಯ ಇದೇ ಎಂದು ಸಂಶೋಧಕರು ಬರೆಯುತ್ತಲೇ ಬಂದಿದ್ದಾರೆ. ಜಲ್ಲಿಯಾದ ಚಿತ್ರವನ್ನು ಯಾವ ಯಂತ್ರವೂ ಜೋಡಿಸಲಾರದು.

ಆದರೆ ಕ್ವಾರಿಯಲ್ಲಿ ಕಲ್ಲು ಒಡೆಯುವವನನ್ನು ದುಷ್ಟನಾಗಿ ಬರೆಯಬೇಡಿ. ಅವನಿಗೆ ದಿನದ ಕೂಲಿ ಮುಖ್ಯ, ಅವನ ಮಗಳು ನಿಮ್ಮ ನಾಯಕಿಯ ಬೆಂಚಿನಲ್ಲೇ ಕೂರುವವಳಿರಬಹುದು. ಆ ಇಬ್ಬರು ಗೆಳತಿಯರ ನಡುವಿನ ಒಂದು ಜಗಳ ನಿಮ್ಮ ಕಥೆಯನ್ನು ಎತ್ತಿಹಿಡಿಯುತ್ತದೆ.

10. ನಾಯಕ ಬರಿಗೈಯಲ್ಲಿ ಬರಲಿ

ಗುಡ್ಡ ಇಳಿಯುವಾಗ ಹುಡುಗನ ಪ್ಯಾಂಟಿನ ಜೇಬು ಉಬ್ಬಿತ್ತು. ಕೇಳಿದೆ. ತುಂಬ ಹೊತ್ತು ಸುಮ್ಮನಿದ್ದು ತೆಗೆದ: ಹೆಬ್ಬೆರಳಗಲದ ಬೂದುಬಣ್ಣದ ಮಡಕೆಚೂರು. "ಒಂದಾ ಐತ್ರಿ ಸರ್."

ಬೈಯಲಿಲ್ಲ. ಅದನ್ನು ಅವನ ಅಂಗೈ ಮೇಲೇ ಇಟ್ಟು ಕೇಳಿದೆ, ಇದು ಎಲ್ಲಿ ಬಿದ್ದಿತ್ತು, ಪಕ್ಕದಲ್ಲಿ ಬೂದಿ ಇತ್ತೋ ಮೂಳೆ ಇತ್ತೋ, ಯಾವ ಪದರದ ಮೇಲಿತ್ತು? ಅವನಿಗೆ ನೆನಪಿರಲಿಲ್ಲ. ಜಾಗ ಬಿಟ್ಟ ಚೂರು ಮಾತು ಬಿಟ್ಟ ಸಾಕ್ಷಿ. ಇಬ್ಬರೂ ಮತ್ತೆ ಹತ್ತಿದೆವು. ಎತ್ತಿದ ಜಾಗದಲ್ಲಿ ಮಣ್ಣಿನ ಮೇಲೆ ಅದರ ಅಚ್ಚು ಇನ್ನೂ ಇತ್ತು, ಅದರಲ್ಲೇ ಕೂರಿಸಿ ಬಂದ.

ಅನುಮತಿ ಇಲ್ಲದೆ ಅಗೆಯುವುದು, ಸಿಕ್ಕದ್ದನ್ನು ಇಟ್ಟುಕೊಳ್ಳುವುದು ಕಾನೂನಿನಲ್ಲೂ ತಪ್ಪು. ಕಥೆಯ ನಾಯಕರು ಫೋಟೊ ತೆಗೆಯಲಿ, ಪಕ್ಕದಲ್ಲಿ ಸ್ಕೇಲು ಇಟ್ಟು ಅಳತೆ ಬರೆದುಕೊಳ್ಳಲಿ, ಪುರಾತತ್ವ ಇಲಾಖೆಗೆ ತಿಳಿಸಲಿ. ಕೈಯಲ್ಲಿ ಹಿಡಿದಷ್ಟು ಹತ್ತಿರದಿಂದ ನೋಡಬೇಕೆನಿಸಿದರೆ ಬಳ್ಳಾರಿಯ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ಪುರಾತತ್ವ ವಸ್ತುಸಂಗ್ರಹಾಲಯಕ್ಕೆ ಹೋಗಿ. ಅಲ್ಲಿಯ ಗಾಜಿನ ಪೆಟ್ಟಿಗೆಯ ಮುಂದೆ ಅರ್ಧ ಗಂಟೆ ನಿಂತು ಒಂದೇ ಒಂದು ಕೊಡಲಿಯ ಚಿತ್ರ ಬಿಡಿಸಿ. ಬಿಡಿಸುವಾಗ ಕಾಣುವುದು ಬರೀ ನೋಡುವಾಗ ಕಾಣುವುದಿಲ್ಲ.

11. ತಾತನಿಗೂ ಒಂದು ಪಾತ್ರ ಕೊಡಿ

ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಬಂದದ್ದು 1980ರಲ್ಲಿ. ಹಾರುವ ಓತಿಯ ಹುಡುಕಾಟದ ಆ ಕಾದಂಬರಿಯಲ್ಲಿ ವಿಜ್ಞಾನಿಗೆ ದಾರಿ ತೋರುವವನು ಜೇನು ಹಿಡಿಯುವ ಮಂದಣ್ಣ. ಹದಿಹರೆಯದವರು ಮೊದಲು ಓದಬೇಕಾದ ಕನ್ನಡದ ವಿಜ್ಞಾನ ಸಾಹಸ ಅದೇ ಎಂಬುದು ನನ್ನ ಖಚಿತ ಅಭಿಪ್ರಾಯ.

ತೆಕ್ಕಲಕೋಟೆಯ ಸಂಶೋಧಕರೂ ಹಾಗೇ ಮಾಡಿದ್ದರು. ನೆಲದಲ್ಲಿ ಸಿಕ್ಕ ಕಂಬದ ಗುಳಿಗಳು ಎಂಥ ಗುಡಿಸಲಿನವು ಎಂದು ತಿಳಿಯಲು ತಮ್ಮ ಕಾಲದ ಬೋಯ ಜನರ ಗುಡಿಸಲುಗಳನ್ನು ಗಮನಿಸಿದರು. ನಮ್ಮ ಗುಡ್ಡದಲ್ಲೂ ಕುರಿ ಕಾಯುವ ತಾತನೊಬ್ಬ ಸಿಕ್ಕ. "ತಾತಾ, ಈ ಹೋರಿ ಚಿತ್ರ ಯಾರ್ ಬರ್ದಾರ?" ಅಂತ ಅಕ್ಕ ಕೇಳಿದಳು. ತಾತ ಕಂಬಳಿ ಸರಿಪಡಿಸಿಕೊಂಡು, "ದನ ಕಾಯೋರು ಬರ್ದಾರವ್ವಾ. ಇಡೀ ದಿನ ಕುಂದ್ರಬೇಕಲ್ಲ, ಕಣ್ಮುಂದಿರೋದ ಬರೀತಾರ" ಅಂದ. ಪ್ರಯೋಗಾಲಯಗಳು ನೂರು ವರ್ಷ ತೆಗೆದುಕೊಂಡು ತಲುಪಿದ ಕಡೆಗೇ ತಾತನ ಮಾತೂ ತಲುಪಿತ್ತು.

12. ಬರೆಯುವ ಕ್ರಮ

ದಿನಕ್ಕೆ ಒಂದೇ ಪುಟ, ಆದರೆ ದಿನಾ. ಸಂಜೆ ಮನೆಯವರ ಮುಂದೆ ಗಟ್ಟಿಯಾಗಿ ಓದಿ. ತಮ್ಮನೋ ತಂಗಿಯೋ ಎದ್ದುಹೋದ ಕಡೆ ಪೆನ್ಸಿಲಿನಲ್ಲಿ ಗುರುತು ಹಾಕಿ, ಅಲ್ಲಿ ಕಥೆ ನಿಂತಿದೆ. ಪಾತ್ರಗಳು ನಿಮ್ಮೂರ ಮಾತೇ ಆಡಲಿ. ಮುಗಿದ ಮೇಲೆ ಶಾಲೆಯ ವಿಜ್ಞಾನದ ಮೇಷ್ಟ್ರಿಗೂ ಸಮಾಜದ ಟೀಚರಿಗೂ ಕೊಡಿ, ಇಬ್ಬರೂ ಬೇರೆ ಬೇರೆ ತಪ್ಪು ಹುಡುಕುತ್ತಾರೆ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲವಿಜ್ಞಾನ' ಓದುವ ಅಭ್ಯಾಸವಿರಲಿ.

13. ಕೊನೆಯ ಬಾಗಿಲನ್ನು ಪೂರ್ತಿ ಮುಚ್ಚಬೇಡಿ

ಮೂರು ತಿಂಗಳ ಮೇಲೆ ಹುಡುಗ ಹೊಸ ನೋಟ್‌ಬುಕ್ ತಂದ. ಪಿರಮಿಡ್ಡು ಹೋಗಿತ್ತು, ನೀಲಿ ಬೆಳಕಿನ ಯಂತ್ರ ಹೋಗಿತ್ತು. ರೂಪನಗುಡಿಯಿಂದ ಬೆಳಗಿನ ಬಸ್ಸು ಹತ್ತಿದ ಹುಡುಗಿ ಇದ್ದಳು, ಕ್ವಾರಿಯವನ ಮಗಳು ಇದ್ದಳು, ಕಂಬಳಿಯ ತಾತ ಇದ್ದ. ಕೊನೆಯ ಪುಟದಲ್ಲಿ ಕ್ವಾರಿಯ ಯಂತ್ರಗಳು ನಿಂತ ರಾತ್ರಿ ಹುಡುಗಿ ಕರಿಬಂಡೆಯ ಮುಂದೆ ಕೂತು ಹರಳಿನಿಂದ ಮೂರು ಸಲ ತಟ್ಟುತ್ತಾಳೆ. ಬಂಡೆಯೊಳಗಿಂದ ನಾಲ್ಕು ಸಲ ಕೇಳಿಸುತ್ತದೆ.

"ನಾಲ್ಕನೇದು ಯಾರು ಬಾರ್ಸಿದ್ದು?" ಅಂದೆ.

"ಅದು ನನಗೂ ಗೊತ್ತಿಲ್ರಿ ಸರ್" ಅಂದವನು, ನೋಟ್‌ಬುಕ್ ಇಸಿದುಕೊಂಡು, ಮುಂದಿನ ಭಾನುವಾರದ ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳಿದ.